"ನಾನು ದಡ್ಡ" ಅನ್ನುವ ಮಗನಿಗೆ ಏನು ಹೇಳಲಿ? ಗಣಿತ ಮೇಷ್ಟ್ರ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಒಬ್ಬ ತಾಯಿ, ದಾವಣಗೆರೆ): ನಮಸ್ಕಾರ ಸರ್. ಮಗ ಏಳನೇ ತರಗತಿ. ಐದನೇ ತರಗತಿವರೆಗೆ ಅವನಿಗೆ ಲೆಕ್ಕ ಅಂದರೆ ಪ್ರಾಣ. ನಾವೂ ಬಂದವರ ಮುಂದೆಲ್ಲ "ಭಾರೀ ಜಾಣ" ಅಂತ ಹೊಗಳುತ್ತಿದ್ದೆವು. ಈಗ ಭಿನ್ನರಾಶಿ ಶುರುವಾದ ಮೇಲೆ ಪುಸ್ತಕವನ್ನೇ ಮುಟ್ಟುವುದಿಲ್ಲ. ಕಿರುಪರೀಕ್ಷೆಯಲ್ಲಿ 25ಕ್ಕೆ 9 ಬಂತು. ಪೇಪರನ್ನು ಬ್ಯಾಗಿನ ತಳದಲ್ಲಿ ಬಚ್ಚಿಟ್ಟಿದ್ದ. ಕೇಳಿದರೆ "ನಾನು ದಡ್ಡ, ನಂಗೆ ಬರಲ್ಲ ಅಮ್ಮ" ಅಂತಾನೆ. ಬೈಯಬೇಕೋ, ಹುರಿದುಂಬಿಸಬೇಕೋ ತಿಳಿಯುತ್ತಿಲ್ಲ.

ಉತ್ತರ (ಪ್ರೌಢಶಾಲೆ ಗಣಿತ ಶಿಕ್ಷಕ): ಮೊದಲು ಬೈಯಬೇಡಿ ಅಮ್ಮಾ. ಪೇಪರ್ ಬಚ್ಚಿಟ್ಟ ಅಂದರೆ ಅವನಿಗೆ ಇನ್ನೂ ಆ ವಿಷಯದ ಮೇಲೆ ಮನಸ್ಸಿದೆ. ಬೇಡವಾಗಿದ್ದರೆ ಎಲ್ಲೋ ಬಿಸಾಡಿ ಸುಮ್ಮನಿರುತ್ತಿದ್ದ.

"ಜಾಣ" ಅನ್ನುವ ಹೊಗಳಿಕೆಯ ಬಗ್ಗೆ ಒಂದು ಮಾತು. 1998ರಲ್ಲಿ ಅಮೆರಿಕದಲ್ಲಿ ಕ್ಲಾಡಿಯಾ ಮ್ಯುಲರ್ ಮತ್ತು ಕ್ಯಾರೊಲ್ ಡ್ವೆಕ್ ಎಂಬ ಮನಶ್ಶಾಸ್ತ್ರಜ್ಞರು ಐದನೇ ತರಗತಿ ಮಕ್ಕಳಿಗೆ ಒಗಟಿನಂಥ ಲೆಕ್ಕ ಕೊಟ್ಟರು. ಕೆಲವರಿಗೆ "ನೀನು ಬುದ್ಧಿವಂತ" ಎಂದರು, ಕೆಲವರಿಗೆ "ಚೆನ್ನಾಗಿ ಪ್ರಯತ್ನಪಟ್ಟೆ" ಎಂದರು. ಆಮೇಲೆ ಕಷ್ಟದ ಲೆಕ್ಕ ಬಂದಾಗ ಬುದ್ಧಿವಂತ ಎನಿಸಿಕೊಂಡವರೇ ಬೇಗ ಕೈಚೆಲ್ಲಿದರು. ಅಂಕ ಎಷ್ಟು ಎಂದು ಕೇಳಿದಾಗ ಸುಳ್ಳು ಹೇಳಿದವರೂ ಅವರಲ್ಲೇ ಜಾಸ್ತಿ. ನಿಮ್ಮ ಹುಡುಗ ಪೇಪರ್ ಬಚ್ಚಿಟ್ಟಿದ್ದೂ ಇದೇ ಥರ ಅಲ್ವಾ? ಜಾಣ ಎಂಬ ಹೆಸರು ಹೋಗುತ್ತದೆಂಬ ಭಯ.

ಆದರೆ ಹೊಗಳುವ ಮಾತು ಬದಲಿಸಿದರೆ ಸಾಕು ಅಂತ ನಾನು ಹೇಳುವುದಿಲ್ಲ. ಇಂಥ ಉಪಾಯಗಳನ್ನು ಆಮೇಲೆ ದೊಡ್ಡ ಮಟ್ಟದಲ್ಲಿ ಮಾಡಿ ನೋಡಿದಾಗ ಅಂಕದಲ್ಲಿ ಕಂಡ ಫಲ ಸಣ್ಣದು. "ಪ್ರಯತ್ನಪಡು ಮಗಾ" ಅಂದರೆ ಹುಡುಗ ಏನು ಮಾಡಬೇಕು? ತಪ್ಪು ಎಲ್ಲಾಯಿತು ಅಂತ ಅವನಿಗೆ ಅವನೇ ಹಿಡಿಯುವ ದಾರಿ ಕೊಡಬೇಕು.

ಒಂದು ಲೆಕ್ಕ ತೆಗೆದುಕೊಳ್ಳಿ. 1/2 + 1/3. ಮಕ್ಕಳು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ 2/5 ಬರೆಯುತ್ತಾರೆ. ನಾವು ಕೆಂಪು ಗೀಟು ಹಾಕಿ 5/6 ಬರೆದುಬಿಟ್ಟರೆ ಮಗು ಅದನ್ನು ನಕಲು ಮಾಡುತ್ತದೆ, ಅಷ್ಟೇ. ಹಾಗೆ ಮಾಡದೆ ಕೇಳಿ: "ಅರ್ಧ ರೊಟ್ಟಿ ಇತ್ತು. ಇನ್ನೊಂದು ತುಂಡು ಸೇರಿಸಿದೆ. ಈಗ 2/5 ಅಂತೀಯ. ಅದು ಅರ್ಧಕ್ಕಿಂತ ಜಾಸ್ತಿನೋ ಕಡಿಮೆನೋ?" ಸ್ವಲ್ಪ ಹೊತ್ತು ಬಿಡಿ. "ಅಯ್ಯೋ, ಕಡಿಮೆ ಆಗೋಯ್ತು!" ಅಂತ ಅವನೇ ಹೇಳುತ್ತಾನೆ. ಆ "ಅಯ್ಯೋ" ಕೇಳುವುದಕ್ಕೇ ನಾನು ಇಷ್ಟು ವರ್ಷ ಪಾಠ ಮಾಡಿದ್ದು. ಅಲ್ಲಿಂದ ಮುಂದೆ ಲೆಕ್ಕ ಅವನದು.

ಇದನ್ನೇ ರೂಢಿ ಮಾಡಿಸಿ. ದಿನಾ ಒಂದೇ ಲೆಕ್ಕ ಸಾಕು. ಕೆಳಗೆ ಅವನೇ ಒಂದು ಸಾಲು ಬರೆಯಲಿ: ಎಲ್ಲಿ ಎಡವಿದೆ, ಹೇಗೆ ಗೊತ್ತಾಯಿತು. "ನಾನು ದಡ್ಡ" ಎಂದು ಬರೆದರೆ ಒಪ್ಪಬೇಡಿ. ಅದು ಅವನ ಬಗ್ಗೆ ಬರೆದದ್ದು, ಲೆಕ್ಕದ ಬಗ್ಗೆ ಅಲ್ಲ. "ಛೇದ ಸಮ ಮಾಡದೆ ಕೂಡಿಸಿದೆ" ಅಂತ ಬಂದರೆ, "ಹಿಡಿದೆಯಲ್ಲ, ಯಾರೂ ಹೇಳಿಕೊಡದೆ!" ಅನ್ನಿ. ಅಂಥ ಹೊಗಳಿಕೆ ಮಗುವಿಗೆ ತಟ್ಟುತ್ತದೆ. ನಿಜವಾಗಿ ಮಾಡಿದ ಕೆಲಸಕ್ಕೆ ಸಿಕ್ಕಿದ್ದು ಅಂತ ಅದಕ್ಕೂ ಗೊತ್ತಿರುತ್ತದೆ.

ಪ್ರಶ್ನೆ (ಹಳ್ಳಿ ಶಾಲೆ ಶಿಕ್ಷಕಿ): ಸರ್, ನನ್ನ ತರಗತಿಯಲ್ಲಿ 43 ಮಕ್ಕಳು. ಒಬ್ಬೊಬ್ಬರ ಪಕ್ಕ ಕೂತು ಕೇಳಲು ಎಲ್ಲಿ ಆಗುತ್ತದೆ?

ಉತ್ತರ: ನಿಜ ಮೇಡಂ, ಆಗುವುದಿಲ್ಲ. ನಾನು ಮಾಡುವುದು ಇಷ್ಟು. ತಪ್ಪಿನ ಮೇಲೆ ಗೀಟು ಹಾಕುವುದಿಲ್ಲ. ಪುಟದ ಕೆಳಗೆ "ಇದರಲ್ಲಿ ಎರಡು ತಪ್ಪಿವೆ, ಹುಡುಕು" ಅಂತ ಬರೆಯುತ್ತೇನೆ. ಮರುದಿನ ಹತ್ತು ನಿಮಿಷ ಪಕ್ಕದವರ ಜೊತೆ ಹುಡುಕುತ್ತಾರೆ. ನೋಟ್ಸ್ ತಿದ್ದುವ ಹೊರೆಯೂ ಇಳಿಯುತ್ತದೆ. ಆ ಪುಟಕ್ಕೆ ಅಂಕ ಹಾಕಬೇಡಿ. ರೂತ್ ಬಟ್ಲರ್ ಎಂಬ ಸಂಶೋಧಕಿ 1988ರಲ್ಲಿ ಇಸ್ರೇಲಿನ ಮಕ್ಕಳಲ್ಲಿ ಇದನ್ನೇ ನೋಡಿದರು. ಬರೀ ಟಿಪ್ಪಣಿ ಸಿಕ್ಕ ಮಕ್ಕಳ ಆಸಕ್ತಿ ಉಳಿಯಿತು. ಟಿಪ್ಪಣಿಯ ಜೊತೆ ಅಂಕವೂ ಇದ್ದಲ್ಲಿ ಆ ಲಾಭ ಹೋಯಿತು. ನಮ್ಮಲ್ಲೂ ಅಷ್ಟೇ, ಅಂಕ ಕಂಡರೆ ಮಕ್ಕಳು ಬೇರೇನನ್ನೂ ಓದುವುದಿಲ್ಲ.

ಪ್ರಶ್ನೆ (ಪಿಯುಸಿ ವಿದ್ಯಾರ್ಥಿನಿ): ಸರ್, ನಾನು ನನ್ನ ತಪ್ಪುಗಳನ್ನೇ ನೋಡ್ತಾ ಇರ್ತೀನಿ. ಓದೋಕೇ ಬೇಜಾರು.

ಉತ್ತರ: ತಪ್ಪನ್ನು ನೋಡಿ ಬಿಟ್ಟರೆ ಬೇಜಾರೇ ಉಳಿಯುತ್ತದೆ ಮಗಳೇ. ಒಂದನ್ನು ಆರಿಸಿಕೋ, ತಿದ್ದು, ಅಂಥದೇ ಹೊಸ ಲೆಕ್ಕ ಒಂದನ್ನು ಮಾಡಿ ನೋಡು. ಉಳಿದದ್ದು ನಾಳೆಗೆ. ಹೋದ ತಿಂಗಳ ನೋಟ್‌ಬುಕ್ಕನ್ನೂ ಆಗಾಗ ತೆಗೆದು ನೋಡು. ಆಗ ಮಾಡುತ್ತಿದ್ದ ಎಷ್ಟೋ ತಪ್ಪು ಈಗ ಇರುವುದಿಲ್ಲ. ಮನಸ್ಸಿನ ಭಾರ ಇಷ್ಟರಲ್ಲೂ ಇಳಿಯದಿದ್ದರೆ ಮನೆಯವರ ಹತ್ತಿರ ಹೇಳಿಕೋ.

(ದಾವಣಗೆರೆಯ ತಾಯಿ, ನಾಲ್ಕು ದಿನದ ನಂತರ): ಸರ್, ರೊಟ್ಟಿ ಪ್ರಶ್ನೆ ಕೇಳಿದೆ. ಮೊದಲು ಸಿಟ್ಟು ಮಾಡಿಕೊಂಡು ಎದ್ದುಹೋದ. ರಾತ್ರಿ ಊಟಕ್ಕೆ ಕೂತಾಗ ರೊಟ್ಟಿ ಮುರಿದು ನೋಡಿ, "ಅಮ್ಮ, ನನ್ನ ಉತ್ತರ ಆಗೋಕೇ ಸಾಧ್ಯ ಇಲ್ಲ" ಅಂದ. ಆದರೆ ಸರಿ ಉತ್ತರ ಇನ್ನೂ ಬಂದಿಲ್ಲ. ಹೇಳಿಬಿಡಲಾ?

ಉತ್ತರ: ಬೇಡಮ್ಮಾ, ಎರಡು ದಿನ ತಡೆಯಿರಿ. ಇನ್ನೊಂದು ರೊಟ್ಟಿಯನ್ನು ಆರು ಸಮ ತುಂಡು ಮಾಡಿ ಅವನ ಮುಂದೆ ಇಡಿ.