ಸಹಾಯ ಬೇಕು: ಮೊದಲ ದೂರಯಾನಕ್ಕೆ ಒರಾಯನ್ ನೀಹಾರಿಕೆಯೋ, ಸ್ಯಾಜಿಟೇರಿಯಸ್ ಎ ಸ್ಟಾರೋ?

ಎಲ್ಲರಿಗೂ ನಮಸ್ಕಾರ. ಎಲೈಟ್ ಡೇಂಜರಸ್ ಎಂಬ ಬಾಹ್ಯಾಕಾಶದ ವಿಡಿಯೊ ಆಟದಲ್ಲಿ ಇದುವರೆಗೆ ಸರಕು ಸಾಗಣೆಯನ್ನಷ್ಟೇ ಮಾಡುತ್ತಿದ್ದ ನಾನು ಮೊದಲ ಬಾರಿಗೆ ಜನವಸತಿಯ ಗಡಿ ದಾಟಿ ಅನ್ವೇಷಣೆಗೆ ಹೊರಡಬೇಕೆಂದಿದ್ದೇನೆ. ಡೈಮಂಡ್‌ಬ್ಯಾಕ್ ಎಕ್ಸ್‌ಪ್ಲೋರರ್ ನೌಕೆಗೆ, ನಕ್ಷತ್ರಗಳಿಂದ ಇಂಧನ ಹೀರುವ ಫ್ಯೂಯಲ್ ಸ್ಕೂಪ್ ಅಳವಡಿಸಿದ್ದೇನೆ. ನಕ್ಷತ್ರದಿಂದ ನಕ್ಷತ್ರಕ್ಕೆ ನೆಗೆಯುವ ಒಂದು ಜಿಗಿತಕ್ಕೆ ಸುಮಾರು 45 ಜ್ಯೋತಿರ್ವರ್ಷ ಸಿಗುತ್ತಿದೆ.

ಕಳೆದ ಶನಿವಾರ ಪರೀಕ್ಷೆಗೆಂದು ಹೊರಟಾಗ, ಸಾಲಾಗಿ ಎದುರಾದ ಕಂದು ಕುಬ್ಜ ತಾರೆಗಳಿಂದ ಇಂಧನ ಹೀರಲಾಗದೆ, ಇಂಧನದ ಪಟ್ಟಿ ಕೂದಲೆಳೆಯಷ್ಟಾದಾಗ ಹೇಗೋ ಒಂದು ಕೆ ವರ್ಗದ ನಕ್ಷತ್ರ ಸಿಕ್ಕಿ ಹಿಂದಿರುಗಿದೆ. ಈಗ ದಾರಿಯ ನಕ್ಷೆಯಲ್ಲಿ ಇಂಧನ ಹೀರಬಹುದಾದ ಒ, ಬಿ, ಎ, ಎಫ್, ಜಿ, ಕೆ, ಎಂ ವರ್ಗಗಳ ನಕ್ಷತ್ರಗಳನ್ನಷ್ಟೇ ಆರಿಸಿದ್ದೇನೆ.

ಗೊಂದಲವಿರುವುದು ಗುರಿಯ ವಿಷಯದಲ್ಲಿ. ಚಳಿಗಾಲದಲ್ಲಿ ಜಯನಗರದ ನಮ್ಮ ಮನೆಯ ತಾರಸಿಯಿಂದ ಬೈನಾಕ್ಯುಲರ್‌ನಲ್ಲಿ ಮಸುಕಾಗಿ ಕಾಣುವ ಒರಾಯನ್ ನೀಹಾರಿಕೆಯನ್ನು ಹತ್ತಿರದಿಂದ ನೋಡುವ ಆಸೆ ಬಹಳವಿದೆ. ಅದು ಸುಮಾರು 1,340 ಜ್ಯೋತಿರ್ವರ್ಷ, ಅಂದರೆ ಮೂವತ್ತು ಜಿಗಿತ. ಆದರೆ ಆ ದಾರಿಯನ್ನು ಬಹಳ ಮಂದಿ ಈಗಾಗಲೇ ಶೋಧಿಸಿದ್ದಾರೆ. ಗೆಲಾಕ್ಸಿಯ ಕೇಂದ್ರದಲ್ಲಿರುವ ಕಪ್ಪುಕುಳಿ ಸ್ಯಾಜಿಟೇರಿಯಸ್ ಎ ಸ್ಟಾರ್ ಸುಮಾರು 25,900 ಜ್ಯೋತಿರ್ವರ್ಷ ದೂರವಿದ್ದು, ದಾರಿಯಿಂದ ಸ್ವಲ್ಪ ಸರಿದರೆ ಮೊದಲ ಶೋಧಕನಾಗಿ ನನ್ನ ಹೆಸರು ದಾಖಲಾಗಬಹುದು. ಆದರೆ ಶೋಧದ ಮಾಹಿತಿಯನ್ನು ಮಾರುವ ಮೊದಲೇ ನೌಕೆ ನಾಶವಾದರೆ ವಾರಗಳ ಮಾಹಿತಿಯೆಲ್ಲ ಹೋಗುತ್ತದೆ.

ದಿನಕ್ಕೆ ಒಂದು ಗಂಟೆಯಷ್ಟೇ ಆಡಬಲ್ಲ ನಾನು ಮೊದಲು ಒರಾಯನ್‌ಗೆ ಹೋಗಿ ಅನುಭವ ಪಡೆಯಲೇ, ನೇರವಾಗಿ ಗೆಲಾಕ್ಸಿಯ ಕೇಂದ್ರಕ್ಕೆ ಹೊರಡಲೇ? ಹೋಗಿಬಂದವರು ದಯವಿಟ್ಟು ಕಾರಣಸಹಿತ ತಿಳಿಸಿ.