ಅಪ್‌ಡೇಟ್: ವಿಕ್ಟೋರಿಯಾದಲ್ಲಿ ಓಡಿ ಬಂದೆ

ಅಲಾಸ್ಕಾ ಕ್ರೂಸ್‌ನಲ್ಲಿ ಕೆನಡಾದ ವಿಕ್ಟೋರಿಯಾದಲ್ಲಿ ಸಂಜೆ ಹಡಗು ನಿಲ್ಲುತ್ತೆ, ಎಲ್ಲಿ ಓಡಲಿ ಅಂತ ಕೇಳಿದ್ದೆನಲ್ಲ? ನೀವು ಹೇಳಿದ ಡಲ್ಲಾಸ್ ರೋಡ್ ದಾರಿಯನ್ನೇ ಹಿಡಿದೆ. ಸೂಪರ್!

ಹಡಗು ನಿಲ್ಲುವ ಓಗ್ಡನ್ ಪಾಯಿಂಟ್‌ನಿಂದ ಹೊರಟರೆ ಬಲಗಡೆ ಉದ್ದಕ್ಕೂ ಸಮುದ್ರ, ಆಚೆಗೆ ಅಮೆರಿಕದ ಒಲಿಂಪಿಕ್ ಬೆಟ್ಟಗಳು. ಟ್ರಾನ್ಸ್-ಕೆನಡಾ ಹೆದ್ದಾರಿಯ ತುದಿ ಗುರುತಿಸುವ ಮೈಲ್ 0 ಕಲ್ಲಿನ ಹತ್ತಿರ ಟೆರ್ರಿ ಫಾಕ್ಸ್ ಪ್ರತಿಮೆ ಇದೆ. ಒಂದು ಕಾಲು ಕೃತಕವಾಗಿದ್ದರೂ ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸೋಕೆ 1980ರಲ್ಲಿ ಕೆನಡಾದಲ್ಲಿ 143 ದಿನ ಓಡಿದ ಹುಡುಗ. ಅಲ್ಲಿ ನಿಲ್ಲದೆ ಮುಂದೆ ಹೋಗೋಕೆ ಮನಸ್ಸಾಗಲಿಲ್ಲ.

ಅದೇ ರಸ್ತೆಯಲ್ಲಿ ಮುಂದೆ ಸಿಗುವ ಕ್ಲೋವರ್ ಪಾಯಿಂಟ್‌ನಿಂದ ವಾಪಸ್ ಬರುವಾಗ ಎದುರುಗಾಳಿ ಜಾಸ್ತಿ. ಹಾಗಾಗಿ ಹಿಂತಿರುಗೋಕೆ ಹೆಚ್ಚು ಸಮಯ ಇಟ್ಟುಕೊಳ್ಳಿ, ಹಡಗು ಯಾರಿಗೂ ಕಾಯಲ್ಲ ಅಲ್ವಾ? ದಾರಿಯಲ್ಲಿ ಹಗ್ಗವಿಲ್ಲದೆ ನಾಯಿ ಬಿಡುವ ಜಾಗವೂ ಇದೆ, ಭಯ ಇರೋರು ರಸ್ತೆ ಬದಿಗೆ ಓಡಿ. ಓಗ್ಡನ್ ಪಾಯಿಂಟ್‌ನ ಅಲೆತಡೆ ಗೋಡೆಯ ಮೇಲೆ ಓಡದೆ ಸುಮ್ನೆ ನಡೆದೆ, ಅಷ್ಟೇ.