ಹಳೆಯ ಜಾಝ್ ಗಿಟಾರಿಗೆ ಪಿಕಪ್: ‘ಮೇಲ್ದರ್ಜೆಗೇರಿಸು’, ‘ತಂತಿ’, ‘ಫೇಸ್’ ಪದಗಳ ಬಗ್ಗೆ

ಪ್ರಶ್ನೆ:
ಗಿಬ್ಸನ್ ಇಎಸ್-175ರಂಥ ಟೊಳ್ಳು ಒಡಲಿನ ಹಳೆಯ ಗಿಟಾರಿಗೆ ಬೇರೆ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಆಗಿಸುವ, ಅಯಸ್ಕಾಂತ ಮತ್ತು ತಾಮ್ರದ ಸುರುಳಿಯ ಭಾಗ) ಹಾಕುವ ಕ್ರಮವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಅಪ್‌ಗ್ರೇಡ್’ಗೆ ‘ಮೇಲ್ದರ್ಜೆಗೇರಿಸು’ ಸರಿಹೋಗುತ್ತದೆಯೇ? ‘ತಂತಿ’ ಎಂದರೆ ಮೀಟುವುದೂ ಆಗುತ್ತದೆ, ಸುರುಳಿಯ ತಾಮ್ರವೂ ಆಗುತ್ತದೆ, ಸೋಲ್ಡರ್ ಮಾಡುವ ವೈರೂ ಆಗುತ್ತದೆ, ಬಿಡಿಸುವುದು ಹೇಗೆ? ‘ಔಟ್ ಆಫ್ ಫೇಸ್’, ‘ಹಮ್’ ಇವಕ್ಕೆ ಏನೆನ್ನಬೇಕು? ತಿಳಿದವರು ಹೇಳಿ.

ಉತ್ತರ 1:
ಪಿಕಪ್ ಪಿಕಪ್ಪಾಗಿಯೇ ಇರಲಿ ಸರ್. ‘ಗಾಡಿಗೆ ಪಿಕಪ್ ಇಲ್ಲ’ ಎಂಬ ಬಳಕೆ ಇದ್ದರೂ ಗಿಟಾರಿನ ಮಾತಿನಲ್ಲಿ ಯಾರೂ ಗಲಿಬಿಲಿಗೊಳ್ಳುವುದಿಲ್ಲ.

‘ಮೇಲ್ದರ್ಜೆಗೇರಿಸು’ ಬೇಡ. ಆಸ್ಪತ್ರೆಗೋ ಹೆದ್ದಾರಿಗೋ ಅದು ಒಪ್ಪುತ್ತದೆ, ಇಲ್ಲಿ ಅರ್ಥವನ್ನೇ ಕೆಡಿಸುತ್ತದೆ. 1949ರಲ್ಲಿ ಇಎಸ್-175 ಬಂದಾಗ ಅದರಲ್ಲಿದ್ದದ್ದು ಪಿ-90 ಎಂಬ ಒಂಟಿ ಸುರುಳಿಯ ಒಂದು ಪಿಕಪ್. ಸೆತ್ ಲವರ್ ರೂಪಿಸಿದ ಜೋಡಿ ಸುರುಳಿಯ ಹಂಬಕರ್ ಅದಕ್ಕೆ ಸೇರಿದ್ದು 1957ರಲ್ಲಿ. ಹಂಬಕರ್ ಗುಂಯ್‌ಗುಡುವುದಿಲ್ಲ, ನಿಜ. ಆದರೆ ಪಿ-90ರ ನಾದಕ್ಕೆ ಇರುವ ಅಂಚು ಅದಕ್ಕಿಲ್ಲ. ಯಾವುದು ಮೇಲಿನ ದರ್ಜೆ ಎಂದು ಹೇಳುವವರು ಯಾರು? ಮೂಲದ ಪಿಕಪ್ ಕಿತ್ತು, ಹಂಬಕರ್ ಕೂರಿಸಲು ಮೇಲ್ಪಲಗೆ ಕೊರೆದರೆ ವಾದ್ಯದ ಬೆಲೆಯೂ ಇಳಿಯುತ್ತದೆ. ನೀವೇ ಮಾಡಿದರೆ ‘ಬದಲಿಸು’, ಅಂಗಡಿಗೆ ಕೊಟ್ಟರೆ ‘ಹಾಕಿಸು’, ಅಷ್ಟೇ. ಪಿ-90ರ ಅಳತೆಯಲ್ಲೇ ಬರುವ ಹಂಬಕರ್‌ಗಳಿವೆ; ಅವಕ್ಕೆ ‘ಅದೇ ಕಿಂಡಿಗೆ ಕೂರುವ’ ಎಂದು ಬರೆಯಿರಿ. ಮುಚ್ಚಳದ ಎರಡು ಬದಿಯ ಕಿವಿಗಳಲ್ಲಿ ಸ್ಕ್ರೂ ತೂತುಗಳ ನಡುವಿನ ಅಂತರವನ್ನು ಅಳೆದುಕೊಂಡೇ ತರಿಸಬೇಕೆಂಬುದನ್ನೂ ಸೇರಿಸಿ.

‘ತಂತಿ’ಯನ್ನು ಮೀಟುವುದಕ್ಕೆ ಮೀಸಲಿಡಿ. ಸುರುಳಿಗೆ ಸುತ್ತಿದ್ದು ‘ವೈಂಡಿಂಗ್’, ಮೋಟಾರ್ ಅಂಗಡಿಯವರ ಮಾತು. ಇಲ್ಲಿ ಅದು ಸಾಮಾನ್ಯವಾಗಿ 42 ಗೇಜಿನ, ಸುಮಾರು 0.06 ಮಿ.ಮೀ. ದಪ್ಪದ ತಾಮ್ರ. ಹೊರಗೆ ಬರುವುದು ‘ವೈರ್’. ಬ್ರಿಜ್‌ಗೆ ವೀಣೆಯವರ ‘ಕುದುರೆ’ ಚೆನ್ನಾಗಿ ಒಪ್ಪುತ್ತದೆ, ಟ್ಯೂನಿಂಗ್ ಪೆಗ್‌ಗೆ ‘ಬಿರಡೆ’. ಹೀಗೆ ಬಿಡಿಸಿಟ್ಟರೆ ಸೂಚನೆ ತಾನಾಗಿಯೇ ಸ್ಪಷ್ಟವಾಗುತ್ತದೆ: ‘ಈ ಗಿಟಾರಿನ ಕುದುರೆಯನ್ನು ಅಂಟಿಸಿರುವುದಿಲ್ಲ, ತಂತಿಗಳ ಒತ್ತಡದಿಂದಲೇ ನಿಂತಿರುತ್ತದೆ. ತಂತಿ ಸಡಿಲಿಸುವ ಮೊದಲು ಅದರ ಪಾದದ ಎರಡೂ ಬದಿಗೆ ಕಡಿಮೆ ಅಂಟಿನ ಟೇಪ್ ಹಚ್ಚಿ ಜಾಗ ಗುರುತಿಸಿ. ಹಳೆಯ ಮೆರುಗು ಟೇಪಿನೊಡನೆ ಎದ್ದು ಬರಬಹುದು, ಬಹಳ ಹೊತ್ತು ಬಿಡಬೇಡಿ.’

ಮೇಲ್ಪಲಗೆಯಲ್ಲಿರುವ ಇಂಗ್ಲಿಷ್ f ಆಕಾರದ ‘ಎಫ್-ಹೋಲ್’ಗೆ ‘ಎಫ್-ಕಿಂಡಿ’ ಸಾಕು. ಹಿಂಬದಿಯಲ್ಲಿ ಮುಚ್ಚಳವಿಲ್ಲದ ಕಾರಣ ವಾಲ್ಯೂಮ್, ಟೋನ್ ಕಂಟ್ರೋಲ್‌ಗಳನ್ನೆಲ್ಲ ಈ ಕಿಂಡಿಯಿಂದಲೇ ಹೊರತೆಗೆಯಬೇಕು. ಒಳಕ್ಕೆ ತಳ್ಳುವ ಮುನ್ನ ಪ್ರತಿಯೊಂದರ ಕಡ್ಡಿಗೂ ಉದ್ದ ದಾರ ಕಟ್ಟಿ. ವಾಪಸ್ಸು ಎಳೆದು ಕೂರಿಸಲು ಬೇರೆ ದಾರಿಯಿಲ್ಲ. ಹಂಬಕರ್‌ಗೆ 500 ಕಿಲೋ ಓಮ್ ಕಂಟ್ರೋಲ್, ಟೋನಿಗೆ 0.022 ಮೈಕ್ರೋಫ್ಯಾರಡ್ ಕೆಪಾಸಿಟರ್ ರೂಢಿ.

ಉತ್ತರ 2:
ಮೇಲಿನದಕ್ಕೆ ನನ್ನದೂ ಒಪ್ಪಿಗೆ. ಇನ್ನು ಫೇಸ್. ಕನ್ನಡ ಓದುಗರಿಗೆ ಮೊದಲು ನೆನಪಾಗುವುದು ತ್ರೀ ಫೇಸ್ ಕರೆಂಟು. ಪಂಪ್‌ಸೆಟ್ಟಿನಲ್ಲಿ ಎರಡು ವೈರ್ ಅದಲುಬದಲಾದರೆ ಮೋಟಾರ್ ಉಲ್ಟಾ ತಿರುಗುತ್ತದಲ್ಲ, ಆ ‘ಉಲ್ಟಾ’ ಇಲ್ಲಿಗೂ ಬರಲಿ: ‘ಎರಡು ಪಿಕಪ್ ಉಲ್ಟಾ ಫೇಸ್‌ನಲ್ಲಿವೆ’, ಅಂದರೆ ಒಂದರ ಸಿಗ್ನಲ್ ಇನ್ನೊಂದರದ್ದನ್ನು ಅಳಿಸುತ್ತದೆ. ಲಕ್ಷಣವನ್ನೂ ಬರೆಯಿರಿ: ಒಂದೊಂದನ್ನೇ ನುಡಿಸಿದರೆ ಎರಡೂ ಸರಿ, ಎರಡೂ ಒಟ್ಟಿಗೆ ಕೇಳುವಂತೆ ಸ್ವಿಚ್ ನಡುವೆ ಇಟ್ಟರೆ ಮಂದ್ರ ಸೋರಿಹೋಗಿ ಬರೀ ಮೂಗುದನಿ.

ಸೋಲ್ಡರ್ ಮಾಡುವ ಮೊದಲೇ ಇದನ್ನು ಪತ್ತೆಹಚ್ಚಬಹುದು. ಮಲ್ಟಿಮೀಟರನ್ನು 20 ಕಿಲೋ ಓಮ್‌ಗಿಟ್ಟು ಪಿಕಪ್ಪಿನ ವೈರ್‌ಗಳಿಗೆ ಹಚ್ಚಿ, ಸ್ಕ್ರೂಡ್ರೈವರನ್ನು ಪಿಕಪ್ಪಿನ ನೆತ್ತಿಗೆ ತಾಗಿಸಿ ಸರಕ್ಕನೆ ಎತ್ತಿ. ಅಂಕಿ ಒಂದು ಕ್ಷಣ ಏರುತ್ತದೆ ಅಥವಾ ಇಳಿಯುತ್ತದೆ. ಎರಡೂ ಪಿಕಪ್‌ನಲ್ಲಿ ಒಂದೇ ಕಡೆಗೆ ಹೋಗಬೇಕು. ಹೋಗದಿದ್ದರೆ ಒಂದರ ವೈರ್ ಅದಲುಬದಲು ಮಾಡಿದರಾಯಿತು. ಆದರೆ ಹಳೆಯ ಮಾದರಿಯ ವೈರ್‌ನಲ್ಲಿ ನಡುವೆ ಒಂದೇ ಎಳೆ, ಸುತ್ತ ಹೆಣೆದ ಲೋಹದ ಜಾಲ ಇರುತ್ತದೆ. ಅದನ್ನು ಅದಲುಬದಲು ಮಾಡಿದರೆ ಜಾಲಕ್ಕೂ ಪಿಕಪ್ಪಿನ ಲೋಹದ ಮುಚ್ಚಳಕ್ಕೂ ಸಿಗ್ನಲ್ ಬಂದು, ಕೈ ತಾಗಿದಾಗಲೆಲ್ಲ ಗುಂಯ್ ಎನ್ನುತ್ತದೆ. ಅಂಥದ್ದರಲ್ಲಿ ಒಳಗಿನ ಅಯಸ್ಕಾಂತವನ್ನೇ ಮಗುಚಬೇಕು.

‘ಹಮ್’ಗೆ ‘ಝೇಂಕಾರ’ ಖಂಡಿತ ಬೇಡ. ತಂಬೂರಿಯ ಝೇಂಕಾರ ನಾವು ಬಯಸಿ ಪಡೆಯುವುದು, ಇದು 50 ಹರ್ಟ್ಸ್ ಕರೆಂಟಿನ ಪೀಡೆ. ‘ಗುಂಯ್ ಸದ್ದು’ ಎನ್ನಿ. ತಂತಿ ಮುಟ್ಟಿದಾಗ ಅದು ಕಡಿಮೆಯಾದರೆ ತಂತಿಗಳಿಗೆ ಅರ್ತಿಂಗ್ ಇದೆ ಎಂದರ್ಥ. ಕಡಿಮೆಯಾಗದೆ ಹೆಚ್ಚಿದರೆ ಟೇಲ್‌ಪೀಸಿಗೆ (ತಂತಿಗಳ ತುದಿ ಸಿಕ್ಕಿಸುವ ಲೋಹದ ಭಾಗ) ಹೋಗುವ ವೈರ್ ಬಿಟ್ಟುಹೋಗಿರುತ್ತದೆ. (‘ಅರ್ಥ್’ ಎಂದು ಬರೆಯಬೇಡಿ, ಓದುವವರು ‘ಅರ್ಥ’ ಎಂದುಕೊಳ್ಳುತ್ತಾರೆ.)

ವಾಲ್ಯೂಮ್ ಏರಿಸಿದಾಗ ಕೇಳುವ ‘ಕೀಂಯ್’ ಬೇರೆ ದೋಷ. ಟೊಳ್ಳು ಒಡಲೂ ಕಾರಣವಾಗಬಹುದು, ವೈಂಡಿಂಗ್ ಸಡಿಲವಾಗಿರುವುದೂ. ಎರಡನೆಯದಕ್ಕೆ ‘ಪಾಟಿಂಗ್’ ಮಾಡುತ್ತಾರೆ. ‘ಮೇಣದಲ್ಲಿ ಅದ್ದು’ ಎನ್ನಿ. ನಾಲ್ಕು ಪಾಲು ಪ್ಯಾರಾಫಿನ್, ಒಂದು ಪಾಲು ಜೇನುಮೇಣ, 65 ಡಿಗ್ರಿ ಸೆಲ್ಸಿಯಸ್ ಆಸುಪಾಸು, ನೇರ ಉರಿಯ ಮೇಲಲ್ಲ, ಬಿಸಿನೀರಿನ ಪಾತ್ರೆಯಲ್ಲಿಟ್ಟು. ಕಾವು ಏರಿದರೆ ಸುರುಳಿಯ ಪ್ಲಾಸ್ಟಿಕ್ ಚೌಕಟ್ಟು ಸೊಟ್ಟಗಾಗುತ್ತದೆ. 1950ರ ದಶಕದ ಮೂಲ ಹಂಬಕರ್‌ಗಳನ್ನು ಮೇಣದಲ್ಲಿ ಅದ್ದುತ್ತಿರಲಿಲ್ಲ. ಅಂಥದ್ದು ಕೈಗೆ ಬಂದಿದ್ದರೆ ಅದ್ದದೆ ಹಾಗೇ ಬಿಡಿ.